ಪರದೇಶದ ಕ್ಲಬ್ಬುಗಳೂ ನಮ್ಮ ಬಾಲಕರೂ

ಕಳೆದ ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ದೇಶದ ಫುಟ್‌ಬಾಲ್ ಕ್ಲಬ್ಬುಗಳು ಯುರೋಪಿನ ಹೆಸರಾಂತ ಕ್ಲಬ್ಬುಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವುದು ಒಂದು ವಾಡಿಕೆಯಾಗಿ ಪರಿಣಮಿಸಿದೆ. ಇಂತಹ ಒಡಂಬಡಿಕೆಗೆ ಸಹಿ ಬಿದ್ದ ದಿನ ಉಭಯ ಪಕ್ಷದವರೂ ಪರಸ್ಪರ ಆಟದ ಅಂಗಿಗಳನ್ನು ಕೊಟ್ಟು ಕೊಳ್ಳುತ್ತಾರೆ; ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ; ಎಳೆಯ ಆಟಗಾರರ ಏಳಿಗೆಯೇ ಈ ಸಖ್ಯದ ಮುಖ್ಯೋದ್ದೇಶವೆಂಬ ಘೋಷಣೆಯೂ ತಪ್ಪದೆ ಹೊರಡುತ್ತದೆ. ಆ ಉದ್ದೇಶವನ್ನು ಹಳಿಯುವುದಕ್ಕಾಗಿ ನಾವು ಈ ಲೇಖನವನ್ನು ಬರೆಯುತ್ತಿಲ್ಲ. ಆದರೆ ಹನ್ನೆರಡು ವರ್ಷದ ಬಾಲಕನೊಬ್ಬನನ್ನು ಮನೆಯಿಂದ ಬಿಡಿಸಿ ಅಕಾಡೆಮಿಯ ವಸತಿಗೃಹಕ್ಕೆ ಸೇರಿಸಿದಾಗ ಅವನ ಬಾಳಿನ ಆರು ವರ್ಷಗಳನ್ನು ಪಣವಾಗಿ ಒಡ್ಡಿದಂತಾಗುತ್ತದೆ. ಓದುವ ವಯಸ್ಸೂ ಮೈ ಬೆಳೆಯುವ ವಯಸ್ಸೂ ಅದೇ. ಕಳೆದರೆ ಮರಳಿ ದೊರೆಯತಕ್ಕದ್ದಲ್ಲ. ಆದುದರಿಂದ ಈ ಸಖ್ಯಗಳಿಂದ ಯಾರಿಗೆ ಏನು ಲಭಿಸಿತು, ಕರಾರಿನ ಅವಧಿ ತೀರಿದ ಮರುದಿನ ನಮ್ಮ ನೆಲದಲ್ಲಿ ಏನು ಉಳಿಯಿತು ಎಂಬುದನ್ನು ಲೆಕ್ಕವಿಟ್ಟು ನೋಡುವುದು ಸಾರ್ವಜನಿಕರ ಹಕ್ಕೂ ಹೌದು, ಕರ್ತವ್ಯವೂ ಹೌದು.

ಸಹಿಗಳ ಸಾಲು

೨೦೧೪ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದ ವರ್ಷವನ್ನೇ ಮೊದಲು ತೆಗೆದುಕೊಳ್ಳೋಣ. ಆ ವರ್ಷ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ಕಲ್ಕತ್ತೆಯ ತಂಡದಲ್ಲಿ ಪಾಲುಗಾರನಾಗಿ, ತನ್ನ ಹೆಸರನ್ನೂ ಕೆಂಪು ಬಿಳಿ ಪಟ್ಟೆಯನ್ನೂ ಅದಕ್ಕೆ ಕೊಟ್ಟಿತು. ಹಾಲೆಂಡಿನ ಫೆಯನೂರ್ಡ್ ಕ್ಲಬ್ಬು ದೆಹಲಿಯ ತಂಡದೊಡನೆಯೂ ಇಟಲಿಯ ಫಿಯೊರೆಂಟಿನಾ ಪುಣೆಯ ತಂಡದೊಡನೆಯೂ ಕೈಗೂಡಿಸಿದವು. ೨೦೧೯ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಒಡೆಯರಾದ ಸಿಟಿ ಫುಟ್‌ಬಾಲ್ ಗ್ರೂಪಿನವರು ಮುಂಬಯಿ ಸಿಟಿ ತಂಡದ ಶೇಕಡ ೬೫ ಪಾಲನ್ನು ಕೊಂಡರು. ಅದೇ ವರ್ಷ ನಮ್ಮ ಬೆಂಗಳೂರು ಎಫ್.ಸಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೇಂಜರ್ಸ್ ಕ್ಲಬ್ಬಿನೊಡನೆ ಒಡಂಬಡಿಕೆ ಮಾಡಿಕೊಂಡಿತು. ೨೦೨೦ರಲ್ಲಿ ಹೈದರಾಬಾದಿನ ತಂಡಕ್ಕೆ ಜರ್ಮನಿಯ ಬೊರುಸಿಯಾ ಡೋರ್ಟ್‌ಮುಂಡ್, ಗೋವೆಯ ತಂಡಕ್ಕೆ ಅದೇ ದೇಶದ ಲೈಪ್‌ಜಿಗ್ ಕ್ಲಬ್ಬು ಜತೆಗಾರರಾದವು.

ಈ ಸಾಲಿನ ಮುಂದಿನ ಕಥೆಯನ್ನೂ ವಾಚಕರು ಗಮನಿಸಬೇಕು. ಅಟ್ಲೆಟಿಕೊ ಜತೆಗಿದ್ದಾಗ ಕಲ್ಕತ್ತೆಯ ತಂಡ ೨೦೧೪ರಲ್ಲಿಯೂ ೨೦೧೬ರಲ್ಲಿಯೂ ಪ್ರಶಸ್ತಿ ಗೆದ್ದಿತು. ೨೦೧೭ರಲ್ಲಿ ಸ್ಪೇನಿನವರು ಹೊರಟುಹೋದರು. ದೆಹಲಿಯ ತಂಡವೇ ೨೦೧೯ರಲ್ಲಿ ದೆಹಲಿಯನ್ನು ಬಿಟ್ಟು ಒಡಿಶಾಕ್ಕೆ ವಲಸೆ ಹೋಯಿತು. ಪುಣೆಯ ತಂಡ ಅದೇ ವರ್ಷ ಮುಚ್ಚಿಹೋಯಿತು. ಹೈದರಾಬಾದಿನ ತಂಡ ೨೦೨೨ರಲ್ಲಿ ಲೀಗಿನ ಕಿರೀಟವನ್ನು ಧರಿಸಿ, ಹಣದ ಮುಗ್ಗಟ್ಟಿನಲ್ಲಿ ಸಿಲುಕಿ ನರಳಿ, ೨೦೨೫ರಲ್ಲಿ ಹೆಸರನ್ನೂ ಊರನ್ನೂ ಬದಲಿಸಿಕೊಂಡು ದೆಹಲಿಗೆ ಸಾಗಿತು. ಮುಂಬಯಿಯಲ್ಲಿ ಪ್ರಶಸ್ತಿಗಳನ್ನು ಗಳಿಸಿದ ಸಿಟಿ ಗ್ರೂಪಿನವರೂ ೨೦೨೫ರ ಕೊನೆಯಲ್ಲಿ ತಮ್ಮ ಪಾಲನ್ನು ಬಿಟ್ಟುಕೊಟ್ಟು ನಿರ್ಗಮಿಸಿದರು.

ಈ ಸಂಗತಿಗಳಿಂದ ಪರದೇಶದವರು ನಮ್ಮನ್ನು ವಂಚಿಸಿದರೆಂದು ಹೇಳುವುದು ನ್ಯಾಯವಾಗಲಾರದು. ಅತಿಥಿಯು ಮನೆಗೆ ಬಂದಾಗ ಮನೆಯೇ ಕುಸಿದರೆ ಅತಿಥಿಯನ್ನು ದೂರಿ ಫಲವೇನು? ಆದರೆ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ. ಬಾಲಕನು ಆಟಗಾರನಾಗಿ ಪಕ್ವವಾಗಲು ಏಳೆಂಟು ವರ್ಷ ಬೇಕು. ನಮ್ಮ ಸಖ್ಯಗಳಲ್ಲಿ ಬಹುಪಾಲು ಎರಡು ಮೂರು ವರ್ಷದ ಆಯುಸ್ಸಿನವು. ಕೆಲವು ಕಡೆ ಕ್ಲಬ್ಬಿನ ಆಯುಸ್ಸೇ ಅಷ್ಟಿಲ್ಲ. ತೆಂಗಿನ ಸಸಿಯನ್ನು ನೆಟ್ಟು ಮೂರು ತಿಂಗಳ ಗುತ್ತಿಗೆಗೆ ನೀರೆರೆಯುವವನನ್ನು ಗೊತ್ತುಮಾಡಿದರೆ ಆಗುವ ಫಲವೇ ಇಲ್ಲಿಯೂ ಆಗುವುದು ಸಹಜ.

ಉಭಯರ ಲಾಭ

ಯುರೋಪಿನ ದೊಡ್ಡ ಕ್ಲಬ್ಬೊಂದು ಏಳು ಸಾವಿರ ಕಿಲೋಮೀಟರು ದೂರದ ನಮ್ಮಲ್ಲಿಗೆ ಬರುವುದು ಪರೋಪಕಾರಕ್ಕಾಗಿ ಮಾತ್ರವೆಂದು ಯಾರೂ ನಂಬಬೇಕಾಗಿಲ್ಲ. ನೂರು ನಲವತ್ತು ಕೋಟಿ ಜನರ ದೇಶದಲ್ಲಿ ತನ್ನ ಹೆಸರು ಹಬ್ಬಬೇಕು, ತನ್ನ ಪಂದ್ಯಗಳನ್ನು ದೂರದರ್ಶನದಲ್ಲಿ ನೋಡುವವರು ಹೆಚ್ಚಬೇಕು, ತನ್ನ ಅಂಗಿ ಟೋಪಿಗಳು ಮಾರಾಟವಾಗಬೇಕು, ಅದೃಷ್ಟವಿದ್ದರೆ ಒಬ್ಬ ಉತ್ತಮ ಆಟಗಾರನೂ ಅಗ್ಗವಾಗಿ ದೊರೆಯಬೇಕು ಎಂಬುದು ಅದರ ಎಣಿಕೆ. ಇದು ವ್ಯಾಪಾರ, ವ್ಯಾಪಾರದಲ್ಲಿ ದೋಷವೇನೂ ಇಲ್ಲ. ನಮ್ಮ ಕಡೆಯ ಒಡೆಯರಿಗಾದರೋ ಪ್ರಸಿದ್ಧ ಹೆಸರಿನ ನೆರಳಿನಿಂದ ಜಾಹೀರಾತುದಾರರೂ ಪ್ರೇಕ್ಷಕರೂ ಒದಗುತ್ತಾರೆ. ಹೀಗೆ ಇಬ್ಬರ ಲಾಭವೂ ಸಹಿಯ ದಿನವೇ ಅರ್ಧ ಕೈಸೇರಿಬಿಡುತ್ತದೆ. ಮೂರನೆಯವನಾದ ಬಾಲಕನ ಲಾಭ ಮಾತ್ರ ಹತ್ತು ವರ್ಷದ ಮೇಲಿನ ಮಾತು. ಯಾರ ಲಾಭವು ಕಡೆಯಲ್ಲಿ ಬರುವುದೋ ಅವನ ಪರವಾಗಿ ಕರಾರಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಮಾತು ಬರೆದಿರಬೇಕಾದುದು ನ್ಯಾಯ. ಹಾಗೆ ಬರೆಯದಿದ್ದರೆ, ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬಂತಾಗುತ್ತದೆ.

ಇಂತಹ ಸಖ್ಯಗಳಿಂದ ನಿಜವಾಗಿಯೂ ಆಟಗಾರರು ಬೆಳೆದ ಉದಾಹರಣೆಗಳು ಲೋಕದಲ್ಲಿ ಇಲ್ಲದಿಲ್ಲ. ಅವುಗಳಲ್ಲಿ ಮೂರನ್ನು ಪರಿಶೀಲಿಸಿದರೆ ನಮಗೆ ಬೇಕಾದ ವಿವೇಕ ದೊರೆಯುವುದೆಂದು ನಾವು ಭಾವಿಸುತ್ತೇವೆ.

ಅಬಿಜಾನಿನ ಪಾಠ

ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ಅಬಿಜಾನ್ ನಗರದಲ್ಲಿ ಆಸೆಕ್ ಮಿಮೋಸಾ ಎಂಬ ಕ್ಲಬ್ಬಿದೆ. ಫ್ರಾನ್ಸಿನ ಪರವಾಗಿ ೧೯೭೮ರ ವಿಶ್ವ ಪಂದ್ಯಾವಳಿಯಲ್ಲಿ ಆಡಿದ್ದ ಜಾನ್-ಮಾರ್ಕ್ ಗಿಯು ಎಂಬವರು ಆ ಕ್ಲಬ್ಬಿನವರೊಡನೆ ಸೇರಿ ೧೯೯೪ರಲ್ಲಿ ಅಲ್ಲಿ ಒಂದು ಅಕಾಡೆಮಿಯನ್ನು ತೆರೆದರು. ಬಡ ಮನೆಗಳ ಹುಡುಗರನ್ನು ಎಳೆವಯಸ್ಸಿನಲ್ಲಿಯೇ ಆರಿಸಿ ಊಟ ವಸತಿ ಕೊಟ್ಟು ಶಾಲೆಯ ಓದನ್ನೂ ಚೆಂಡಿನ ಪಾಠವನ್ನೂ ಒಟ್ಟಿಗೆ ಕಲಿಸುವುದು ಅವರ ಕ್ರಮ. ಮೊದಲ ವರ್ಷಗಳಲ್ಲಿ ಬಾಲಕರು ಬರಿಗಾಲಿನಲ್ಲಿಯೇ ಆಡಬೇಕು. ಚೆಂಡಿನ ಮೇಲೆ ಹಿಡಿತವನ್ನು ತೋರಿಸಿದ ಮೇಲೆಯೇ ಬೂಟು ದೊರೆಯುವುದು.

ಫಲವು ಐದೇ ವರ್ಷದಲ್ಲಿ ಕಂಡಿತು. ೧೯೯೮ರಲ್ಲಿ ಆಫ್ರಿಕದ ಚಾಂಪಿಯನ್ ಆದ ಆಸೆಕ್ ತಂಡದ ಹಿರಿಯ ಆಟಗಾರರು ಪರದೇಶಗಳಿಗೆ ಹೊರಟುಹೋಗಲು, ೧೯೯೯ರ ಆರಂಭದಲ್ಲಿ ನಡೆದ ಸೂಪರ್ ಕಪ್ ಪಂದ್ಯದಲ್ಲಿ ಈ ಅಕಾಡೆಮಿಯ ಹುಡುಗರೇ ಆಡಿ, ಟ್ಯುನಿಸಿಯದ ಎಸ್ಪೆರಾನ್ಸ್ ತಂಡವನ್ನು ೩-೧ರಿಂದ ಸೋಲಿಸಿದರು. ಕೋಲೊ ತೂರೆ, ಯಾಯಾ ತೂರೆ, ದಿದಿಯೆ ಜೊಕೊರಾ, ಎಮಾನ್ಯುಯೆಲ್ ಎಬುಯೆ ಮೊದಲಾದವರು ಆ ಗರಡಿಯಲ್ಲಿ ಪಳಗಿದವರೇ. ೨೦೦೬ರಲ್ಲಿ ಐವರಿ ಕೋಸ್ಟ್ ಮೊತ್ತಮೊದಲಿಗೆ ವಿಶ್ವ ಪಂದ್ಯಾವಳಿಗೆ ಹೋದಾಗ ಆ ತಂಡದಲ್ಲಿ ಇಂತಹವರು ಹಲವರಿದ್ದರು.

ಇದು ನಾಣ್ಯದ ಒಂದು ಮುಖ. ೨೦೦೧ರಲ್ಲಿ ಗಿಯು ಬೆಲ್ಜಿಯಮ್ಮಿನ ಬೆವರೆನ್ ಎಂಬ ಚಿಕ್ಕ ಊರಿನ ಕ್ಲಬ್ಬಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. ಲಂಡನ್ನಿನ ಆರ್ಸೆನಲ್ ಕ್ಲಬ್ಬು ಆ ಬೆವರೆನ್ನಿನ ಸಖ್ಯ ಮಾಡಿತು. ಅಬಿಜಾನಿನಲ್ಲಿ ಮಾಗಿದ ಹುಡುಗರು ಒಬ್ಬೊಬ್ಬರಾಗಿ ಬೆವರೆನ್ನಿಗೆ ಸಾಗಿದರು. ಕಡೆಗೆ ಅಲ್ಲಿಯ ತಂಡ ಆಡಲಿಳಿದಾಗ ಬಹುತೇಕ ಎಲ್ಲರೂ ಐವರಿ ಕೋಸ್ಟಿನವರೇ ಆಗಿರುವ ಪ್ರಸಂಗಗಳೂ ಬಂದವು. ಎಬುಯೆ ಅಲ್ಲಿಂದ ಆರ್ಸೆನಲ್ಲಿಗೆ ಹೋದನು. ಯಾಯಾ ತೂರೆ ಅಲ್ಲಿಂದ ಹೊರಟು ಮುಂದೆ ಬಾರ್ಸಿಲೋನಾದವರೆಗೆ ಏರಿದನು. ಆಟಗಾರರಿಗೆ ಬಾಗಿಲು ತೆರೆಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ೧೯೯೮ರ ಅನಂತರ ಆಸೆಕ್ ತಂಡಕ್ಕೆ ಆಫ್ರಿಕದ ಆ ಪಟ್ಟ ಮತ್ತೆ ದೊರೆತಿಲ್ಲ. ಬೆವರೆನ್ನಿನ ಕ್ಲಬ್ಬೂ ೨೦೦೭ರಲ್ಲಿ ಮೇಲಿನ ತರಗತಿಯಿಂದ ಇಳಿದು, ೨೦೧೦ರಲ್ಲಿ ಇನ್ನೊಂದು ಕ್ಲಬ್ಬಿನಲ್ಲಿ ಲೀನವಾಯಿತು. ಅಬಿಜಾನಿನ ಬಾಲಕರನ್ನು ಅಬಿಜಾನಿನವರು ತಮ್ಮ ಮೈದಾನದಲ್ಲಿ ನೋಡಿ ಸಂತೋಷಪಡುವ ಕಾಲ ಬಹು ಸ್ವಲ್ಪವಾಯಿತು. ಸಸಿಮಡಿ ಅಲ್ಲಿ, ತೋಟ ಬೇರೆಲ್ಲಿಯೋ.

ಪ್ಲೇಕುವಿನ ಹುಡುಗರು

ಇದೇ ಗಿಯು ಅವರ ಪದ್ಧತಿ ೨೦೦೭ರಲ್ಲಿ ವಿಯೆಟ್ನಾಮಿಗೆ ಬಂದಿತು. ಆ ದೇಶದ ಮಧ್ಯಭಾಗದ ಗುಡ್ಡಗಾಡಿನಲ್ಲಿ, ಕಾಫಿಯನ್ನೂ ರಬ್ಬರನ್ನೂ ಬೆಳೆಯುವ ಪ್ಲೇಕು ಎಂಬ ಊರಿದೆ. ನಮ್ಮ ಕೊಡಗು ಚಿಕ್ಕಮಗಳೂರುಗಳನ್ನು ಬಲ್ಲವರಿಗೆ ಅಂತಹ ಸೀಮೆಯ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟೀತು. ಅಲ್ಲಿಯ ಹೋಆಂಗ್ ಆನ್ ಯಾ ಲಾಯ್ ಎಂಬ ಕ್ಲಬ್ಬು ಆರ್ಸೆನಲ್ಲನ್ನೂ ಗಿಯು ಅವರ ಸಂಸ್ಥೆಯನ್ನೂ ಜತೆಗೆ ಕರೆದುಕೊಂಡು ಅಕಾಡೆಮಿಯನ್ನು ಕಟ್ಟಿತು. ಹನ್ನೊಂದು ಹನ್ನೆರಡು ವರ್ಷದ ಹುಡುಗರ ಮೊದಲನೆಯ ತಂಡವನ್ನು ಆರಿಸಿದ ಮೇಲೆ ಏಳು ವರ್ಷಕ್ಕೂ ಹೆಚ್ಚು ಕಾಲ ಒಡೆಯರು ತಾಳ್ಮೆಯಿಂದ ಕಾದರು. ೨೦೧೫ರಲ್ಲಿ ಆ ಹುಡುಗರನ್ನು ಒಟ್ಟಿಗೆ ದೇಶದ ಮೇಲಿನ ಲೀಗಿಗೆ ಇಳಿಸಿದಾಗ ಅವರು ಮೊದಲ ವರ್ಷ ಬಹಳ ಸೋತರು. ತಂಡ ಕೆಳಗಿನ ತರಗತಿಗೆ ಜಾರುವ ಅಂಚಿನಲ್ಲಿ ಹೇಗೋ ಉಳಿದುಕೊಂಡಿತು. ಆದರೂ ಹಣ ಕೊಟ್ಟು ಹೊರಗಿನವರನ್ನು ತಂದು ಹುಡುಗರನ್ನು ಮೂಲೆಗೆ ಕೂರಿಸಲಿಲ್ಲ.

ಈ ತಾಳ್ಮೆಯ ಪ್ರತಿಫಲ ಕ್ಲಬ್ಬಿಗಿಂತ ಹೆಚ್ಚಾಗಿ ದೇಶಕ್ಕೆ ದೊರೆಯಿತು. ೨೦೧೮ರ ಜನವರಿಯಲ್ಲಿ ಚೀನದ ಚಾಂಗ್‌ಜೌ ನಗರದಲ್ಲಿ, ಹಿಮ ಬೀಳುತ್ತಿರುವಾಗ, ಏಷ್ಯದ ಇಪ್ಪತ್ತಮೂರು ವರ್ಷದೊಳಗಿನವರ ಅಂತಿಮ ಪಂದ್ಯವನ್ನು ಆಡಿದ ವಿಯೆಟ್ನಾಮ್ ತಂಡಕ್ಕೆ ಪ್ಲೇಕುವಿನ ಅಕಾಡೆಮಿಯಲ್ಲಿ ಬೆಳೆದ ಸ್ವಾನ್ ತ್ರುವಾಂಗ್ ನಾಯಕನಾಗಿದ್ದನು. ಅವನ ಸಹಪಾಠಿಗಳು ಇನ್ನೂ ಕೆಲವರು ಜತೆಗಿದ್ದರು. ಆ ಪಂದ್ಯದಲ್ಲಿ ಅವರು ಉಜ್ಬೆಕಿಸ್ತಾನಕ್ಕೆ ಸೋತರೂ ಇಡೀ ದೇಶ ಬೀದಿಗಿಳಿದು ಅವರನ್ನು ಬರಮಾಡಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ವಿಯೆಟ್ನಾಮ್ ಆಗ್ನೇಯ ಏಷ್ಯದ ಪ್ರಶಸ್ತಿಯನ್ನು ಗೆದ್ದಿತು. ಇದಕ್ಕೆ ಪ್ಲೇಕು ಒಂದೇ ಕಾರಣವೆಂದರೆ ಉತ್ಪ್ರೇಕ್ಷೆಯಾದೀತು. ಹನೋಯಿ ಮೊದಲಾದ ಕಡೆ ಇದ್ದ ಬೇರೆ ಅಕಾಡೆಮಿಗಳ ಹುಡುಗರೂ, ಕೊರಿಯದಿಂದ ಬಂದ ಪಾರ್ಕ್ ಹಾಂಗ್-ಸಿಯೊ ಎಂಬ ತರಬೇತುದಾರರೂ ಅದರಲ್ಲಿ ಭಾಗಿಗಳು. ಆದರೆ ಅಬಿಜಾನಿಗೂ ಪ್ಲೇಕುವಿಗೂ ಇರುವ ವ್ಯತ್ಯಾಸವನ್ನು ನಾವು ಗುರುತಿಸಬೇಕು. ಗುರು ಅವರೇ, ಪದ್ಧತಿ ಅದೇ, ಲಂಡನ್ನಿನ ಕ್ಲಬ್ಬೂ ಅದೇ. ಒಂದು ಕಡೆ ಹುಡುಗರು ಮಾಗುತ್ತಲೇ ಹೊರಟುಹೋದರು. ಇನ್ನೊಂದು ಕಡೆ ತಮ್ಮ ಊರಿನ ಅಂಗಿಯನ್ನು ತೊಟ್ಟು ತಮ್ಮ ಜನರ ಮುಂದೆ ಸೋತು ಗೆದ್ದು ಬೆಳೆದರು. ಅವರಲ್ಲಿಯೂ ಕೆಲವರು ಜಪಾನಿಗೆ, ಕೊರಿಯಕ್ಕೆ ಎರವಲಾಗಿ ಹೋಗಿ ಬಂದರು. ಹೋದವರಿಗೆ ಮರಳಿ ಬರಲು ಮನೆಯಿತ್ತು.

ಜಪಾನಿನ ಗುರುದಕ್ಷಿಣೆ

ಮೂರನೆಯ ಉದಾಹರಣೆ ಇನ್ನೂ ಹಳೆಯದು. ಅದರಲ್ಲಿ ಕ್ಲಬ್ಬಿಗೆ ಬದಲಾಗಿ ಒಬ್ಬ ವ್ಯಕ್ತಿಯಿದ್ದಾರೆ. ೧೯೬೪ರ ಟೋಕಿಯೊ ಒಲಿಂಪಿಕ್ಸಿಗೆ ತಮ್ಮ ತಂಡವನ್ನು ಸಿದ್ಧಪಡಿಸಲು ಜಪಾನೀಯರು ೧೯೬೦ರಲ್ಲಿ ಜರ್ಮನಿಯಿಂದ ಡೆಟ್‌ಮಾರ್ ಕ್ರಾಮರ್ ಎಂಬ ತರಬೇತುದಾರರನ್ನು ಕರೆಸಿಕೊಂಡರು. ಕ್ರಾಮರ್ ಅವರು ಚೆಂಡನ್ನು ಒದೆಯುವ, ನಿಲ್ಲಿಸುವ ಮೊದಲ ಪಾಠದಿಂದಲೇ ಆರಂಭಿಸಿದರು. ೧೯೬೪ರಲ್ಲಿ ಜಪಾನ್ ಅರ್ಜೆಂಟೀನಾವನ್ನು ೩-೨ರಿಂದ ಸೋಲಿಸಿತು. ೧೯೬೮ರಲ್ಲಿ ಮೆಕ್ಸಿಕೋ ನಗರದಲ್ಲಿ ಒಲಿಂಪಿಕ್ ಕಂಚಿನ ಪದಕವನ್ನು ಗಳಿಸಿತು. ಆದರೆ ಇದಕ್ಕಿಂತ ಹಿರಿದಾದುದು ಕ್ರಾಮರ್ ಅವರು ಹೊರಡುವಾಗ ಬಿಟ್ಟುಹೋದ ಸಲಹೆ: ದೇಶಕ್ಕೆಲ್ಲ ಒಂದು ನಿಯತವಾದ ಲೀಗು ಬೇಕು, ತರಬೇತುದಾರರನ್ನು ತಯಾರಿಸುವ ಏರ್ಪಾಡು ಬೇಕು, ಹುಲ್ಲಿನ ಮೈದಾನಗಳು ಬೇಕು, ಪರದೇಶದ ತಂಡಗಳೊಡನೆ ಮೇಲಿಂದ ಮೇಲೆ ಆಡುತ್ತಿರಬೇಕು. ಜಪಾನೀಯರು ಸಲಹೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ೧೯೬೫ರಲ್ಲಿಯೇ ಲೀಗು ಹುಟ್ಟಿತು. ೧೯೯೩ರಲ್ಲಿ ವೃತ್ತಿಪರ ಲೀಗು ಬಂದಾಗ ಪ್ರತಿ ಕ್ಲಬ್ಬೂ ಕಿರಿಯರ ತಂಡಗಳನ್ನು ನಡೆಸಬೇಕೆಂಬ ನಿಬಂಧನೆಯನ್ನು ಹಾಕಿಕೊಂಡರು. ೧೯೯೮ರಲ್ಲಿ ಜಪಾನ್ ಮೊದಲ ಬಾರಿ ವಿಶ್ವ ಪಂದ್ಯಾವಳಿಗೆ ಹೋಯಿತು. ಅಂದಿನಿಂದ ಒಂದನ್ನೂ ತಪ್ಪಿಸಿಕೊಂಡಿಲ್ಲ. ೨೦೨೨ರ ನವೆಂಬರಿನಲ್ಲಿ ಗುರುವಿನ ದೇಶವಾದ ಜರ್ಮನಿಯನ್ನೇ ೨-೧ರಿಂದ ಸೋಲಿಸಿದ್ದು ಅವರು ಸಲ್ಲಿಸಿದ ಗುರುದಕ್ಷಿಣೆಯೆನ್ನಬಹುದು. ಇಷ್ಟೇ ಅಲ್ಲ, ೨೦೧೨ರಲ್ಲಿ ಜಪಾನಿನ ಲೀಗು ಥಾಯ್‌ಲೆಂಡಿನ ಲೀಗಿನೊಡನೆ ಒಡಂಬಡಿಕೆ ಮಾಡಿಕೊಂಡು ತಾನೇ ಕಲಿಸುವ ಸ್ಥಾನಕ್ಕೆ ಏರಿತು. ಕಲಿತವನು ಕಲಿಸಬಲ್ಲವನಾದಾಗ ಸಖ್ಯ ಸಾರ್ಥಕವಾಯಿತೆಂದು ತಿಳಿಯಬೇಕು.

ನಮ್ಮ ನಾಡಿನ ಸ್ಥಿತಿ

ಈಗ ನಮ್ಮ ಮನೆಯ ಕಡೆಗೆ ದೃಷ್ಟಿ ಹರಿಸೋಣ. ಕಾಲ್ಚೆಂಡಾಟವು ಕನ್ನಡ ನಾಡಿಗೆ ಹೊಸತೂ ಅಲ್ಲ, ನಮ್ಮವರು ಅದರಲ್ಲಿ ಹಿಂದುಳಿದವರೂ ಆಗಿರಲಿಲ್ಲ. ಮುಂಬಯಿಯ ರೋವರ್ಸ್ ಕಪ್ಪನ್ನು ಬ್ರಿಟಿಷ್ ಪಟಾಲಮ್ಮುಗಳ ಕೈಯಿಂದ ಬಿಡಿಸಿ ೧೯೩೭ರಲ್ಲಿ ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಕಪ್ಪು ಅವರಿಗೇ ಸಂದಿತು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ, ಬಹುಮಂದಿ ಬರಿಗಾಲಿನಲ್ಲಿಯೇ ಆಡುತ್ತ, ಫ್ರಾನ್ಸಿನೆದುರು ೧-೨ರಿಂದ ಸೋತಾಗ ಆ ಒಂದು ಗೋಲನ್ನು ಹೊಡೆದವರು ನಮ್ಮ ಮೈಸೂರು ತಂಡದ ಸಾರಂಗಪಾಣಿ ರಾಮನ್. ಚೆಂಡು ಕಾಲಿಗೆ ಅಂಟಿದಂತೆ ಆಡುತ್ತಿದ್ದ ಅಹಮದ್ ಖಾನ್ ಬೆಂಗಳೂರಿನ ಮಗ. ಮೈಸೂರು ಸಂಸ್ಥಾನದ ತಂಡ ೧೯೪೬-೪೭ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದು, ಮುಂದೆಯೂ ಗೆದ್ದು, ೧೯೬೮-೬೯ರ ಅನಂತರ ಐವತ್ತನಾಲ್ಕು ವರ್ಷ ಬರಿಗೈಯಲ್ಲಿ ಕಾದು, ೨೦೨೩ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು ೩-೨ರಿಂದ ಮಣಿಸಿ ಕರ್ನಾಟಕದ ಹೆಸರಿನಲ್ಲಿ ಅದನ್ನು ಮತ್ತೆ ತಂದಿತು. ಅಬಿಜಾನಿನ ಗುರುಗಳು ಬರಿಗಾಲಿನಿಂದ ಕಲಿಸಬೇಕೆಂದುದು ನಮ್ಮ ಅಜ್ಜಂದಿರ ಕಾಲದಲ್ಲಿ ನಮ್ಮಲ್ಲೇ ಇದ್ದ ರೂಢಿ. ನಮ್ಮಲ್ಲಿ ಆಗ ಇದ್ದ ಕೊರತೆ ಕಾಲಿನ ಚಾತುರ್ಯದ್ದಲ್ಲ. ಕ್ರಮವಾದ ಶಿಕ್ಷಣ, ಪೌಷ್ಟಿಕ ಆಹಾರ, ವರ್ಷವಿಡೀ ಆಡುವ ಪಂದ್ಯಗಳು, ಇವುಗಳದು. ಆ ಕೊರತೆ ಇಂದಿಗೂ ಪೂರ್ತಿ ತೀರಿಲ್ಲ.

ಬೆಂಗಳೂರು ಎಫ್.ಸಿ. ೨೦೧೩ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗನ್ನು ಗೆದ್ದು, ೨೦೧೬ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೆ ಹೋದ ಕ್ಲಬ್ಬು. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿ, ಅದರ ಒಡೆಯರು ೨೦೧೮ರಲ್ಲಿ ತೆರೆದ ಕ್ರೀಡಾ ಸಂಸ್ಥೆಯ ಆವರಣದಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿಗೂ ನೆಲೆ ದೊರೆಯಿತು. ರೇಂಜರ್ಸ್ ಕ್ಲಬ್ಬು ೧೮೭೨ರಿಂದ ಆಡುತ್ತಿರುವ ಹಿರಿಯ ಸಂಸ್ಥೆ. ಈ ಸಖ್ಯದ ಎಲ್ಲರ ಕಣ್ಣಿಗೂ ಬಿದ್ದ ಫಲವೆಂದರೆ ಮಣಿಪುರದ ಬಾಲಾ ದೇವಿಯವರು ೨೦೧೯ರ ನವೆಂಬರಿನಲ್ಲಿ ಗ್ಲಾಸ್ಗೋಗೆ ಪರೀಕ್ಷೆಗೆ ಹೋಗಿ, ೨೦೨೦ರ ಜನವರಿಯಲ್ಲಿ ಹದಿನೆಂಟು ತಿಂಗಳ ವೃತ್ತಿಪರ ಕರಾರಿಗೆ ಸಹಿ ಹಾಕಿದ್ದು. ಭಾರತದ ಮಹಿಳೆಯರ ಫುಟ್‌ಬಾಲಿಗೆ ಅದು ಹೆಮ್ಮೆಯ ದಿನ. ಆದರೆ ಆಗ ಅವರ ವಯಸ್ಸು ಇಪ್ಪತ್ತೊಂಬತ್ತು; ಅವರನ್ನು ಬೆಳೆಸಿದುದು ಮಣಿಪುರದ ಊರ ಬಯಲುಗಳೇ ಹೊರತು ಯಾವ ಒಡಂಬಡಿಕೆಯೂ ಅಲ್ಲ. ಸಖ್ಯವು ಸಿದ್ಧವಾಗಿದ್ದ ಪ್ರತಿಭೆಗೆ ಬಾಗಿಲು ತೆರೆಯಿತು, ಅದು ಉಪಕಾರವೇ. ಎಳೆಯರನ್ನು ಸಿದ್ಧಗೊಳಿಸುವ ಕೆಲಸ ಬೇರೆ, ಅದು ನಮ್ಮದೇ.

ಆ ಕೆಲಸಕ್ಕೆ ದಾರಿ ಯಾವುದೆಂಬುದಕ್ಕೆ ೨೦೨೨ರ ಒಂದು ಪ್ರಸಂಗ ಸಾಕ್ಷಿ. ಆ ವರ್ಷ ಗೋವೆಯಲ್ಲಿ ಕಿರಿಯರಿಗಾಗಿ ಮೊದಲ ಬಾರಿ ನಡೆದ ಡೆವಲಪ್‌ಮೆಂಟ್ ಲೀಗಿನಲ್ಲಿ ಬೆಂಗಳೂರಿನ ಹುಡುಗರು ಅಗ್ರಸ್ಥಾನ ಪಡೆದರು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನವರೊಡನೆ ಇದ್ದ ಒಪ್ಪಂದದ ಮೂಲಕ ಅವರಿಗೂ ಕೇರಳದ ಹುಡುಗರಿಗೂ ಆ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಕ್ಲಬ್ಬುಗಳ ಕಿರಿಯರೊಡನೆ ಸೆಣಸುವ ಅವಕಾಶ ಬಂದಿತು. ಇಲ್ಲಿ ಗಮನಿಸತಕ್ಕದ್ದು ಕ್ರಮ: ಮೊದಲು ಮನೆಯ ಲೀಗು, ಅದರಲ್ಲಿ ಗೆಲವು, ಆ ಗೆಲವಿನ ಹಕ್ಕಿನಿಂದ ಪರದೇಶದ ಪಯಣ. ದಾನವಾಗಿ ದೊರೆತ ಪ್ರವಾಸಕ್ಕೂ ಗಳಿಸಿ ಪಡೆದ ಪ್ರವಾಸಕ್ಕೂ ಹುಡುಗನ ಮನಸ್ಸಿನಲ್ಲಿ ಬಹಳ ಅಂತರವಿದೆ. ಅದೇ ಕ್ಲಬ್ಬಿನ ಎರಡನೆಯ ತಂಡದಿಂದ ಮೇಲೆ ಬಂದ ಮಣಿಪುರದ ರೋಶನ್ ಸಿಂಗ್ ೨೦೨೧-೨೨ರ ಲೀಗಿನಲ್ಲಿ ಉದಯೋನ್ಮುಖ ಆಟಗಾರನೆಂಬ ಬಿರುದನ್ನು ಪಡೆದದ್ದೂ ಇದೇ ಮಾತನ್ನು ಹೇಳುತ್ತದೆ. ಪರದೇಶದ ಸಖ್ಯವೇ ಇಲ್ಲದೆ ಮಿಜೋರಮ್ಮಿನ ಐಜಾಲ್ ತಂಡ ತನ್ನ ಗುಡ್ಡಗಳ ಹುಡುಗರನ್ನು ನೆಚ್ಚಿ ೨೦೧೭ರಲ್ಲಿ ಐ-ಲೀಗನ್ನು ಗೆದ್ದುದನ್ನೂ ಮರೆಯಬಾರದು. ಅವರಿಗೆ ೨೦೧೨ರಿಂದ ತಮ್ಮ ರಾಜ್ಯದಲ್ಲಿಯೇ ಒಂದು ಗಟ್ಟಿಯಾದ ಲೀಗಿತ್ತು.

ಕರಾರಿನಲ್ಲಿ ಬರೆದಿರಬೇಕಾದುದು

ಹಾಗಾದರೆ ಪರದೇಶದ ಸಖ್ಯ ಬೇಡವೇ? ಬೇಕು, ಆದರೆ ಅದರಿಂದ ಪಡೆಯಬೇಕಾದುದೇನೆಂಬುದನ್ನು ನಾವೇ ಮೊದಲು ಗೊತ್ತುಮಾಡಿಕೊಂಡಿರಬೇಕು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯಗಳನ್ನು ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಮೊದಲನೆಯದಾಗಿ, ಬಾಲಕರಿಗಿಂತ ಮುಂಚೆ ತರಬೇತುದಾರರು ಕಲಿಯಬೇಕು. ಇಬ್ಬರು ಹುಡುಗರನ್ನು ಹದಿನೈದು ದಿನ ಯುರೋಪಿಗೆ ಕಳುಹಿಸಿದರೆ ಇಬ್ಬರ ಕೈಗೆ ಚಿತ್ರಗಳು ಬರುತ್ತವೆ. ಅದೇ ಹಣದಲ್ಲಿ ನಮ್ಮ ಇಬ್ಬರು ತರಬೇತುದಾರರು ಅಲ್ಲಿ ಆರು ತಿಂಗಳಿದ್ದು ಕಲಿತು ಬಂದರೆ ಅವರ ಕೈಯಲ್ಲಿ ಮುಂದಿನ ಇಪ್ಪತ್ತು ವರ್ಷ ನೂರಾರು ಹುಡುಗರು ಪಳಗುತ್ತಾರೆ. ಅಲ್ಲಿಂದ ಬರುವ ತರಬೇತುದಾರನ ಪಕ್ಕದಲ್ಲಿ ಸದಾ ಒಬ್ಬ ಕನ್ನಡ ಬಲ್ಲ ಸಹಾಯಕನಿರಬೇಕು. ಗದಗಿನಿಂದಲೋ ಬೀದರಿನಿಂದಲೋ ಬಂದ ಹುಡುಗನಿಗೆ ಇಂಗ್ಲಿಷಿನಲ್ಲಿ ಕೂಗಿದ ಆಜ್ಞೆ ಅರ್ಥವಾಗದೆ ಹೋದರೆ ಅವನು ದಡ್ಡನೆನಿಸಿಕೊಂಡು ಊರಿಗೆ ಮರಳುತ್ತಾನೆ, ತಪ್ಪು ಅವನದಾಗಿರುವುದಿಲ್ಲ.

ಎರಡನೆಯದಾಗಿ, ಓದು. ಅಕಾಡೆಮಿಗೆ ಸೇರಿದ ಹುಡುಗರಲ್ಲಿ ವೃತ್ತಿಪರ ಆಟಗಾರರಾಗುವವರು ಯಾವ ದೇಶದಲ್ಲಿಯೂ ಕೆಲವರೇ. ಉಳಿದವರ ಗತಿಯೇನು? ಹದಿನೆಂಟನೆಯ ವಯಸ್ಸಿನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಮನೆಗೆ ಬಂದ ತರುಣನ ಕೈಯಲ್ಲಿ ಎಸ್.ಎಸ್.ಎಲ್.ಸಿ. ಸರ್ಟಿಫಿಕೇಟಾದರೂ ಇರಬೇಡವೇ? ಶಾಲೆಯ ಹಾಜರಿ, ಪರೀಕ್ಷೆಯ ಫಲ, ಗಾಯದ ಚಿಕಿತ್ಸೆ, ಇವು ಕರಾರಿನ ಅಂಗವಾಗಿರಬೇಕೇ ಹೊರತು ಅಕಾಡೆಮಿಯ ಔದಾರ್ಯಕ್ಕೆ ಬಿಟ್ಟ ಮಾತಾಗಿರಬಾರದು.

ಮೂರನೆಯದಾಗಿ, ಕಾನೂನಿನ ರಕ್ಷಣೆ. ಹದಿನೆಂಟು ತುಂಬದ ಆಟಗಾರರನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದನ್ನು, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಅಂತಾರಾಷ್ಟ್ರೀಯ ಸಂಸ್ಥೆಯಾದ ಫೀಫಾದ ನಿಯಮಗಳು ನಿಷೇಧಿಸುತ್ತವೆ. ಪರದೇಶದ ಕ್ಲಬ್ಬಿನ ಹೆಸರು ಹೇಳಿಕೊಂಡು, ನಿಮ್ಮ ಮಗನನ್ನು ಈಗಲೇ ಯುರೋಪಿಗೆ ಸೇರಿಸುತ್ತೇವೆಂದು ಹಣ ಕೇಳುವ ದಳ್ಳಾಳಿಗಳು ಎದುರಾದರೆ ತಂದೆತಾಯಿಗಳು ಈ ಒಂದು ನಿಯಮವನ್ನು ನೆನೆದುಕೊಂಡರೆ ಸಾಕು. ಇನ್ನೊಂದು ನಿಯಮ ನಮ್ಮ ಚಿಕ್ಕ ಕ್ಲಬ್ಬುಗಳಿಗೆ ಬಹು ಹಿತಕರವಾದುದು. ಆಟಗಾರನು ಕರಾರಿನ ನಡುವೆ ಹಣಕ್ಕಾಗಿ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ, ಆ ಹಣದ ಶೇಕಡ ೫ರಷ್ಟು ಅವನ ಹನ್ನೆರಡನೆಯ ವಯಸ್ಸಿನಿಂದ ಇಪ್ಪತ್ತಮೂರನೆಯ ವಯಸ್ಸಿನವರೆಗೆ ಅವನನ್ನು ತಯಾರಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ಅವನು ಮೊದಲ ವೃತ್ತಿಪರ ಕರಾರಿಗೆ ಸಹಿ ಹಾಕುವಾಗ ತರಬೇತಿಯ ವೆಚ್ಚದ ಪರಿಹಾರವೂ ಪ್ರತ್ಯೇಕವಾಗಿ ಉಂಟು. ಈ ಹಣವನ್ನು ಪಡೆಯಲು ಹುಡುಗನ ನೋಂದಣಿ ವರ್ಷವರ್ಷವೂ ಸರಿಯಾಗಿರಬೇಕು. ಹುಬ್ಬಳ್ಳಿಯಲ್ಲೋ ಮಡಿಕೇರಿಯಲ್ಲೋ ಚಿಕ್ಕ ಕ್ಲಬ್ಬನ್ನು ನಡೆಸುತ್ತಿರುವ ಮಹನೀಯರು ಚೆಂಡಿನಷ್ಟೇ ಜತನದಿಂದ ರಿಜಿಸ್ಟರನ್ನೂ ಕಾಪಾಡಬೇಕು. ದೊಡ್ಡ ಕ್ಲಬ್ಬುಗಳು ಚಿಕ್ಕ ಕ್ಲಬ್ಬಿನ ಹುಡುಗನನ್ನು ಕೊಂಡೊಯ್ಯುವಾಗ ಮೂಲ ಕ್ಲಬ್ಬಿನ ಹೆಸರನ್ನು ಅಳಿಸಿಹಾಕದಂತೆ ನೋಡಿಕೊಳ್ಳುವುದು ರಾಜ್ಯದ ಫುಟ್‌ಬಾಲ್ ಸಂಸ್ಥೆಯ 
ಹೊಣೆ.

ನಾಲ್ಕನೆಯದಾಗಿ, ಪಂದ್ಯಗಳು. ಆಟವನ್ನು ಆಡಿಯೇ ಕಲಿಯಬೇಕು. ವರ್ಷದಲ್ಲಿ ಕೆಲವೇ ವಾರಗಳ ಪಂದ್ಯಾವಳಿಯಿಂದ ಆಟಗಾರನು ಹದಗೊಳ್ಳುವುದಿಲ್ಲ. ಪರದೇಶದ ಕ್ಲಬ್ಬು ಎಷ್ಟು ದೊಡ್ಡದಾದರೂ ಧಾರವಾಡ, ಮಂಗಳೂರು, ಶಿವಮೊಗ್ಗ, ಕಲಬುರಗಿಗಳಲ್ಲಿ ಹದಿಮೂರು ಹದಿನೈದು ವರ್ಷದವರ ಲೀಗನ್ನು ಅದು ಬಂದು ನಡೆಸಿಕೊಡಲಾರದು. ಆ ಕೆಲಸ ನಮ್ಮ ಜಿಲ್ಲಾ ಸಂಸ್ಥೆಗಳದು, ಶಾಲೆಗಳದು, ಕ್ರೀಡಾ ಇಲಾಖೆಯದು. ಬಾಲಿಕೆಯರಿಗೂ ಇದೇ ಏರ್ಪಾಡು ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿ ಬಂದಿರುವುದೇ ವಿಷಾದಕರ. ಗ್ಲಾಸ್ಗೋಗೆ ಹೋಗಿ ನಮ್ಮ ಹೆಸರನ್ನು ಎತ್ತಿದುದು ಒಬ್ಬ ಮಹಿಳೆಯೆಂಬುದನ್ನು ಅಧಿಕಾರಿಗಳು ನೆನಪಿಡಲಿ.

ಕಡೆಯದಾಗಿ, ಅವಧಿ ಮತ್ತು ಲೆಕ್ಕ. ಎಳೆಯರ ಹೆಸರಿನಲ್ಲಿ ಮಾಡುವ ಯಾವ ಒಡಂಬಡಿಕೆಯೂ ಒಂದು ತಂಡದ ಬಾಲಕರು ಸೇರಿ ಹೊರಬರುವಷ್ಟು ಕಾಲ, ಅಂದರೆ ಆರು ವರ್ಷಕ್ಕೆ ಕಡಮೆಯಾಗದೆ, ಇರತಕ್ಕದ್ದು. ಎಷ್ಟು ತರಬೇತುದಾರರು ಕಲಿತರು, ಎಷ್ಟು ಹುಡುಗರು ಸೇರಿದರು, ಎಷ್ಟು ಮಂದಿ ಶಾಲೆ ಮುಗಿಸಿದರು, ಎಷ್ಟು ಮಂದಿ ಮೊದಲ ತಂಡಕ್ಕೆ ಏರಿದರು, ಉಳಿದವರು ಏನಾದರು ಎಂಬುದನ್ನು ಕ್ಲಬ್ಬು ಪ್ರತಿವರ್ಷ ಪ್ರಕಟಿಸಬೇಕು. ಸಹಿಯ ದಿನದ ಚಿತ್ರಕ್ಕೆ ಪತ್ರಿಕೆಗಳಲ್ಲಿ ದೊರೆಯುವ ಸ್ಥಳದಲ್ಲಿ ಅರ್ಧವು ಈ ಲೆಕ್ಕಕ್ಕೆ ದೊರೆತರೂ ಬಹಳ ಉಪಕಾರವಾದೀತು. ನಾವು ಪತ್ರಿಕೆಯವರೂ ಈ ಭಾಗದಲ್ಲಿ ನಮ್ಮ ಹೊಣೆಯನ್ನು ನಿರ್ವಹಿಸಬೇಕಾಗಿದೆ.

ಪರರಿಂದ ಕಲಿಯುವುದರಲ್ಲಿ ಹೀನಾಯವಿಲ್ಲ. ಜಪಾನ್ ಕಲಿತಿತು, ವಿಯೆಟ್ನಾಮ್ ಕಲಿತಿತು. ಕಲಿತು ತಮ್ಮ ಕಾಲಮೇಲೆ ನಿಂತವು. ಕಲಿಸಲು ಬಂದವನು ಹೊರಟ ಮೇಲೂ ಪಾಠ ನಡೆಯುವಂತೆ ನಮ್ಮ ಮನೆಯನ್ನು ಅಣಿಗೊಳಿಸಿಕೊಳ್ಳುವುದು ನಮ್ಮ ಕೆಲಸ. ಅದಕ್ಕೆ ಮೊದಲು ಬೇಕಾದುದು ದೊಡ್ಡ ಹೆಸರಲ್ಲ, ಊರಿಗೊಂದು ಬಯಲು. ಶಾಲೆಯ ಆಟದ ಬಯಲನ್ನು ಒತ್ತುವರಿಯಿಂದಲೂ ಕಟ್ಟಡದ ಆಸೆಯಿಂದಲೂ ಉಳಿಸುವ ಅಧಿಕಾರ ನಮ್ಮ ವಾಚಕರಲ್ಲಿ ಅನೇಕ ಅಧಿಕಾರಿಗಳಿಗೂ ಪುರಸಭೆಯ ಸದಸ್ಯರಿಗೂ ಇದೆ. ಅವರು ಆ ಅಧಿಕಾರವನ್ನು ಚಲಾಯಿಸಲಿ. ಕ್ಲಬ್ಬುಗಳ ಒಡೆಯರು ಮುಂದಿನ ಕರಾರಿಗೆ ಸಹಿ ಹಾಕುವ ಮುನ್ನ ಮೇಲೆ ಹೇಳಿದ ಐದು ಮಾತುಗಳನ್ನು ಅದರಲ್ಲಿ ಹುಡುಕಿ ನೋಡಲಿ. ಮಗನನ್ನೋ ಮಗಳನ್ನೋ ಅಕಾಡೆಮಿಗೆ ಕಳುಹಿಸುವ ತಂದೆತಾಯಿಗಳು ಆ ಕರಾರಿನ ಪ್ರತಿಯನ್ನು ಧೈರ್ಯವಾಗಿ ಕೇಳಲಿ ಎಂದು ನಾವು ಹಾರೈಸುತ್ತೇವೆ.